ನಲವತ್ತು ಪ್ರತಿ, ಅಷ್ಟೇ: ಲಿಮಿಟೆಡ್ ಎಡಿಷನ್ ಪ್ರಿಂಟ್ ತರುವವರಿಗೆ ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ಪ್ರೂಫ್‌ನಲ್ಲಿ, ಅಂದರೆ ಪರೀಕ್ಷೆಗೆ ಅಂತ ತೆಗೆಸಿದ ಅಚ್ಚಿನಲ್ಲಿ, ಕನಕಾಂಬರ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಗಾಂಧಿ ಬಜಾರಿನ ಹೂವಿನ ಅಂಗಡಿ, ಮಳೆ ನಿಂತ ಸಂಜೆ, ಬುಟ್ಟಿಯಲ್ಲಿ ಸುರುಳಿ ಸುತ್ತಿಟ್ಟ ಕನಕಾಂಬರದ ಮಾಲೆ. ಇಡೀ ಚಿತ್ರ ನಿಂತಿದ್ದೇ ಆ ಒಂದು ಕಿತ್ತಳೆಯ ಮೇಲೆ. ಟ್ಯಾಬ್ಲೆಟ್‌ನಲ್ಲಿ ಅದು ಉರಿಯುತ್ತಿತ್ತು. ಪೇಪರ್ ಮೇಲೆ ಹಳೇ ಹೆಂಚಿನ ಹಾಗೆ ಸುಮ್ನೆ ಕೂತಿತ್ತು.

ಆ ಚಿತ್ರವನ್ನು ಕೊನೆಗೆ 40 ಪ್ರತಿಗಳ ಎಡಿಷನ್ ಮಾಡಿ ಮಾರಿದೆ. ದಾರಿಯಲ್ಲಿ ಮಾಡಿದ ಎಡವಟ್ಟುಗಳನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಟ್ಯಾಬ್ಲೆಟ್‌ನಲ್ಲೋ ಜಲವರ್ಣದಲ್ಲೋ ಚಿತ್ರ ಬರೆಯುತ್ತಾ, ಮೊದಲ ಸಲ ಪ್ರಿಂಟ್ ಮಾರಲು ಹೊರಟವರಿಗೆ ಇದು.

ಮೊದಲು ಸಂಖ್ಯೆ

ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಲಿಥೋ (ಕಲ್ಲಚ್ಚಿನ) ಪ್ರೆಸ್ ಹಾಕಿದ್ದು ಲಕ್ಷ್ಮಿ, ಸರಸ್ವತಿ ಮನೆಮನೆಗೂ ಹೋಗಲಿ ಅಂತ. ನಮ್ಮ ಅಜ್ಜಿಯ ದೇವರಮನೆಯಲ್ಲೂ ಒಂದಿತ್ತು. ಅದು ಓಪನ್ ಎಡಿಷನ್. ಎಷ್ಟು ಬೇಕಾದರೂ ಅಚ್ಚು ಹಾಕಬಹುದು, ಬೆಲೆ ಎಲ್ಲರ ಕೈಗೆ ಎಟುಕಬೇಕು. ಅದರಲ್ಲಿ ಕೀಳೇನಿಲ್ಲ. ಲಿಮಿಟೆಡ್ ಎಡಿಷನ್ ಬೇರೆ ವ್ಯವಹಾರ. ‘ಇಷ್ಟೇ ಮಾಡುತ್ತೇನೆ, ಮತ್ತೆ ಮಾಡುವುದಿಲ್ಲ’ ಅಂತ ಮಾತು ಕೊಡುತ್ತೀರಿ. ಕೊಳ್ಳುವವರು ಚಿತ್ರಕ್ಕೆ ಮಾತ್ರ ಅಲ್ಲ, ಆ ಮಾತಿಗೂ ದುಡ್ಡು ಕೊಡುತ್ತಾರೆ.

ಹಾಗಾಗಿ ಪೇಪರ್ ಯಾವುದು, ಬೆಲೆ ಎಷ್ಟು ಅನ್ನುವ ಮೊದಲು ಒಂದು ಹಾಳೆಯಲ್ಲಿ ಇವನ್ನು ಬರೆದಿಡಿ. ಎಷ್ಟು ಪ್ರತಿ. ಯಾವ ಅಳತೆ. ನಿಮಗಾಗಿ ಇಟ್ಟುಕೊಳ್ಳುವ ಪ್ರತಿಗಳು ಎಷ್ಟು. ಇದೇ ಚಿತ್ರ ಮುಂದೆ ಪೋಸ್ಟ್‌ಕಾರ್ಡ್, ಕ್ಯಾಲೆಂಡರ್, ಟೀ ಶರ್ಟ್ ಆಗಬಹುದೋ ಇಲ್ಲವೋ. ದೊಡ್ಡ ಅಳತೆಯಲ್ಲಿ ಇನ್ನೊಂದು ಎಡಿಷನ್ ತರುತ್ತೀರೋ ಇಲ್ಲವೋ. ಕೊನೆಯ ಎರಡನ್ನು ಜಾಸ್ತಿ ಜನ ಮರೆಯುತ್ತಾರೆ. ಎ3 ಅಳತೆಯಲ್ಲಿ 40 ಮಾರಿ, ಆರು ತಿಂಗಳಿಗೆ ಎ2 ಅಳತೆಯಲ್ಲಿ ಇನ್ನೂ 40 ತಂದರೆ ಕಾನೂನು ಏನನ್ನುತ್ತದೋ ಬಿಡಿ, ಮೊದಲು ಕೊಂಡವರ ಮುಖ ನೋಡುವುದು ಕಷ್ಟ. ತರುವ ಯೋಚನೆ ಇದ್ದರೆ ಮೊದಲ ದಿನವೇ ಹೇಳಿ. ನಾನು ‘ಪೋಸ್ಟ್‌ಕಾರ್ಡ್ ಮಾಡಬಹುದು, ದೊಡ್ಡದು ಇನ್ನಿಲ್ಲ’ ಅಂತ ಬರೆದಿದ್ದೆ.

ಎಷ್ಟು ಅನ್ನುವುದಕ್ಕೆ ನನ್ನ ಲೆಕ್ಕ ಸರಳ. ಇನ್‌ಸ್ಟಾಗ್ರಾಂನಲ್ಲಿ ಎಷ್ಟು ಜನ ಹಿಂಬಾಲಿಸುತ್ತಾರೆ ಅಂತ ನೋಡಬೇಡಿ. ಒಂದು ವರ್ಷದಲ್ಲಿ ‘ಇದು ಮಾರ್ತೀರಾ?’ ಅಂತ ಕೇಳಿದವರನ್ನು ಎಣಿಸಿ. ಅದರ ಅರ್ಧ ಇಟ್ಟುಕೊಂಡು, ಅದಕ್ಕೆ ಒಂದು ಸಂತೆಯಲ್ಲಿ ಮಾರಬಹುದಾದಷ್ಟು ಸೇರಿಸಿ. ಮೊದಲ ಸಲಕ್ಕೆ 25ರಿಂದ 50 ಸಾಕು. 200 ಅಂದುಕೊಂಡರೆ ಮಂಚದ ಕೆಳಗೆ 150 ಮಲಗಿರುತ್ತವೆ.

ಇದರ ಜೊತೆಗೆ ಕಲಾವಿದರ ಪ್ರತಿ ಅಂತ ಇರುತ್ತದೆ, ಎ/ಪಿ ಅಂತ ಗುರುತು ಹಾಕುತ್ತಾರೆ. ಎಡಿಷನ್ನಿನ ಹತ್ತನೇ ಒಂದು ಭಾಗ ಅನ್ನುವುದು ರೂಢಿ. 40ಕ್ಕೆ 4. ಅದನ್ನು ಹಿಂಬಾಗಿಲ ಸ್ಟಾಕ್ ಮಾಡಿಕೊಳ್ಳಬೇಡಿ.

ಚಿತ್ರ ನಿಮ್ಮದೇ ತಾನೆ?

ಪತ್ರಿಕೆಗೋ ಕಂಪನಿಗೋ ದುಡ್ಡು ತಗೊಂಡು ಮಾಡಿಕೊಟ್ಟ ಚಿತ್ರವಾದರೆ ಸ್ವಲ್ಪ ನಿಲ್ಲಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಬರೆಸಿದ ಪೇಂಟಿಂಗ್‌ಗೆ ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರೇ ಮೊದಲ ಹಕ್ಕುದಾರರು. ನೀವೇ ಬರೆದದ್ದು, ಸಹಿ ನಿಮ್ಮದೇ, ಆದರೂ ಹಕ್ಕು ನಿಮ್ಮದಲ್ಲದೇ ಇರಬಹುದು. ಇನ್ನೊಂದು ವಿಷಯವೂ ಗೊತ್ತಿರಲಿ. ಹಕ್ಕು ಬರೆದುಕೊಡುವ ಪತ್ರದಲ್ಲಿ ಎಷ್ಟು ಕಾಲ ಅಂತ ಹೇಳದಿದ್ದರೆ ಅದು ಐದು ವರ್ಷ ಎಂದೇ ಲೆಕ್ಕ. ಹಳೇ ಇಮೇಲ್ ತೆಗೆದು ನೋಡಿ. ಅನುಮಾನ ಇದ್ದರೆ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ. ಬೇರೆಯವರ ಫೋಟೊ ನೋಡಿಕೊಂಡು ಗೆರೆಗೆ ಗೆರೆ ಬರೆದಿದ್ದರೆ ಆ ಚಿತ್ರವನ್ನು ಬಿಟ್ಟುಬಿಡಿ. ಇನ್ನೊಂದು ಬರೆಯಿರಿ.

ಯಾವ ವಿಧಾನದಲ್ಲಿ ಅಚ್ಚು

ಮೂರು ದಾರಿ ಮುಖ್ಯ. ಪಿಗ್ಮೆಂಟ್ ಇಂಕ್‌ಜೆಟ್, ಸ್ಕ್ರೀನ್ ಪ್ರಿಂಟ್, ರಿಸೋಗ್ರಾಫ್.

ಇಂಕ್‌ಜೆಟ್‌ಗೆ ಸ್ಟುಡಿಯೊಗಳು ‘ಜಿಕ್ಲೇ’ ಅಂತ ಚಂದದ ಹೆಸರು ಹೇಳುತ್ತವೆ. ಫ್ರೆಂಚ್‌ನಲ್ಲಿ ಚಿಮ್ಮುವುದು ಅನ್ನುವ ಅರ್ಥದ ಮಾತಿನಿಂದ ಬಂದದ್ದು. 1991ರಲ್ಲಿ ಜ್ಯಾಕ್ ಡಗ್ಯಾನ್ ಎಂಬ ಅಮೆರಿಕದ ಪ್ರಿಂಟರ್ ಈ ಹೆಸರನ್ನು ಚಾಲ್ತಿಗೆ ತಂದ. ‘ಇಂಕ್‌ಜೆಟ್ ಪ್ರಿಂಟ್’ ಅಂದರೆ ಆಫೀಸಿನ ಪ್ರಿಂಟರ್ ನೆನಪಾಗುತ್ತದೆ ಅಂತ. ಹೆಸರಿಗೆ ಮರುಳಾಗಬೇಡಿ. ಎರಡು ಪ್ರಶ್ನೆ ಕೇಳಿ: ಇಂಕ್ ಪಿಗ್ಮೆಂಟೋ (ಬಣ್ಣದ ಸಣ್ಣ ಕಣ ಇರುವುದು) ಡೈಯೋ (ಬಣ್ಣ ಕರಗಿರುವುದು)? ಪೇಪರ್ ಯಾವ ಕಂಪನಿಯದು, ಎಷ್ಟು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ? ಡೈ ಇಂಕ್ ಬೇಗ ಮಾಸುತ್ತದೆ. ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

ಸ್ಕ್ರೀನ್ ಪ್ರಿಂಟ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್, ಅಂದರೆ ಆ ಬಣ್ಣ ಬೇಕಾದ ಕಡೆ ಮಾತ್ರ ಮಸಿ ಇಳಿಸುವ ಬಲೆಬಟ್ಟೆ. ನಾಲ್ಕೈದು ಚಪ್ಪಟೆ ಬಣ್ಣದ ಚಿತ್ರಕ್ಕೆ ಇದರಷ್ಟು ಗಟ್ಟಿಯಾಗಿ ಬಣ್ಣ ಕೂರುವ ವಿಧಾನ ಇನ್ನೊಂದಿಲ್ಲ. ಆದರೆ ಎಲ್ಲ ಪ್ರತಿಗಳನ್ನೂ ಒಂದೇ ಸಲ ತೆಗೆಯಬೇಕು. ಆಮೇಲೆ ಸ್ಕ್ರೀನ್ ತೊಳೆದುಬಿಡುತ್ತಾರೆ. ನಮ್ಮ ಊರುಗಳಲ್ಲಿ ಮದುವೆ ಕಾರ್ಡ್ ಮಾಡುವವರ ಹತ್ತಿರ ಈ ಕೈಚಳಕ ಇನ್ನೂ ಇದೆ. ತಾಳ್ಮೆಯಿಂದ ವಿವರಿಸಿದರೆ ಚೆನ್ನಾಗಿ ಮಾಡಿಕೊಡುತ್ತಾರೆ. ಬಣ್ಣದ ಮೇಲೆ ಬಣ್ಣ ಒಂದು ಕೂದಲೆಳೆ ಜರುಗಿದರೂ ನಿಮಗೆ ಕಾಣುತ್ತದೆ, ಅವರಿಗೆ ಅದು ದೊಡ್ಡದಲ್ಲ. ಎಷ್ಟು ಜರುಗಿದರೆ ಹಾಳೆ ರಿಜೆಕ್ಟ್ ಅಂತ ಮೊದಲೇ ಮಾತಾಡಿ.

ರಿಸೋ ಅಂದರೆ ಜೆರಾಕ್ಸ್ ಯಂತ್ರದಂತೆ ಕಾಣುವ, ಸ್ಟೆನ್ಸಿಲ್‌ನಿಂದ ಅಚ್ಚು ಹಾಕುವ ಯಂತ್ರ. ಅಗ್ಗ, ತಮಾಷೆಯಾಗಿರುತ್ತದೆ, ಎ3 ದಾಟುವುದಿಲ್ಲ. ಇಂಕ್ ಕೈಗೆ ಹತ್ತುತ್ತದೆ. ಝೀನ್ (ನಾವೇ ಅಚ್ಚು ಹಾಕಿಕೊಳ್ಳುವ ಪುಟ್ಟ ಪತ್ರಿಕೆ), ಪೋಸ್ಟರ್‌ಗೆ ಸೊಗಸು. ಗೋಡೆಗೆ ಹತ್ತಾರು ವರ್ಷ ಅಂದರೆ ನಾನು ಬೇಡ ಅನ್ನುತ್ತೇನೆ.

ನನ್ನ ಚಿತ್ರದಲ್ಲಿ ಒದ್ದೆ ರಸ್ತೆಯ ಮೇಲೆ ಬೆಳಕು ಕರಗುವ ಭಾಗ ಇತ್ತು. ಅಂಥದ್ದಕ್ಕೆ ಇಂಕ್‌ಜೆಟ್ಟೇ ಸರಿ.

ಫೈಲ್

ಎ3 ಅಂದರೆ 297 ಮತ್ತು 420 ಮಿಲಿಮೀಟರ್. 300 ಡಿಪಿಐಗೆ (ಒಂದು ಇಂಚಿಗೆ 300 ಚುಕ್ಕಿ) 3508 ಮತ್ತು 4961 ಪಿಕ್ಸೆಲ್ ಬೇಕು. ಚಿಕ್ಕ ಕ್ಯಾನ್ವಾಸ್‌ನಲ್ಲಿ ಬರೆದು ಆಮೇಲೆ ಹಿಗ್ಗಿಸಿದರೆ ಗೆರೆಗಳು ನೆನೆದ ದಾರದಂತೆ ಆಗುತ್ತವೆ. ಜಲವರ್ಣವಾದರೆ 600 ಡಿಪಿಐ ಸ್ಕ್ಯಾನ್ ಮಾಡಿಸಿ. ಮೊಬೈಲ್ ಫೋಟೊ ಆಗಲ್ಲ.

ಚಿತ್ರವನ್ನು ಹಾಳೆಯ ಅಂಚಿನವರೆಗೆ ತುಂಬಬೇಡಿ. ಮೂರು ಕಡೆ ಎರಡು ಸೆಂಟಿಮೀಟರ್, ಕೆಳಗೆ ಮೂರು ಸೆಂಟಿಮೀಟರ್ ಬಿಳಿ ಬಿಡಿ. ಸಹಿಗೆ ಜಾಗ ಬೇಕು, ಕಟ್ಟು ಹಾಕಿಸುವಾಗ ಮೌಂಟ್ (ಚಿತ್ರದ ಸುತ್ತ ಕೂರಿಸುವ ರಟ್ಟಿನ ಅಂಚು) ಕೂರಲೂ ಜಾಗ ಬೇಕು. ನನ್ನ ಗೆಳತಿಯೊಬ್ಬಳು ಅಂಚು ಬಿಡದೆ ಮಾಡಿಸಿದಳು. ಫ್ರೇಮ್ ಅಂಗಡಿಯಾತ ಚಿತ್ರದ ಜೊತೆ ಸಹಿಯನ್ನೂ ಅರ್ಧ ನುಂಗಿದ.

ಇಂಕ್‌ಜೆಟ್ ಸ್ಟುಡಿಯೊಗೆ ಫೈಲನ್ನು ಸಿಎಂವೈಕೆಗೆ (ನಾಲ್ಕು ಮಸಿಗಳ ಬಣ್ಣದ ಲೆಕ್ಕಕ್ಕೆ) ತಿರುಗಿಸಿ ಕೊಡಬೇಡಿ. ಆಫ್‌ಸೆಟ್ ಪ್ರೆಸ್ಸಿನ ಅಭ್ಯಾಸ ಅದು. ಈ ಪ್ರಿಂಟರ್‌ಗಳಲ್ಲಿ ಎಂಟು, ಹತ್ತು, ಹನ್ನೆರಡು ಇಂಕ್ ಇರುತ್ತವೆ. ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದ) ಫೈಲನ್ನು ಬಣ್ಣದ ಪ್ರೊಫೈಲ್ ಸೇರಿಸಿ ಟಿಫ್ ಆಗಿ ಕೊಡಿ. ಸ್ಟುಡಿಯೊದವರಿಂದ ಆ ಪ್ರಿಂಟರ್ ಮತ್ತು ಪೇಪರ್ ಜೋಡಿಯ ಐಸಿಸಿ ಪ್ರೊಫೈಲ್, ಅಂದರೆ ಆ ಜೋಡಿಯಲ್ಲಿ ಬಣ್ಣ ಹೇಗೆ ಬರುತ್ತದೆ ಅಂತ ಹೇಳುವ ಫೈಲ್, ಕೇಳಿ ತಗೊಳ್ಳಿ. ಅದನ್ನು ಫೋಟೊಶಾಪ್‌ನಲ್ಲಿ ಹಾಕಿ ಸಾಫ್ಟ್ ಪ್ರೂಫ್ (ಅಚ್ಚು ಹೇಗೆ ಬರಬಹುದು ಅಂತ ಕಂಪ್ಯೂಟರ್‌ನಲ್ಲೇ) ನೋಡಿದರೆ ಯಾವ ಬಣ್ಣ ಕೈಕೊಡುತ್ತದೆ ಅಂತ ಮೊದಲೇ ತಿಳಿಯುತ್ತದೆ. ನಾನು ನೋಡಿರಲಿಲ್ಲ.

ಪ್ರೂಫ್: ಇಲ್ಲಿ ಜಿಪುಣತನ ಬೇಡ

ಈಗ ಕನಕಾಂಬರಕ್ಕೆ ಬರೋಣ. ಟ್ಯಾಬ್ಲೆಟ್‌ನ ಸ್ಕ್ರೀನ್ ಬೆಳಕು ಬಿಡುತ್ತದೆ, ಪೇಪರ್ ಬಿದ್ದ ಬೆಳಕನ್ನು ಹಿಂದಕ್ಕೆ ಕೊಡುತ್ತದೆ ಅಷ್ಟೇ. ಉರಿಯುವ ಕಿತ್ತಳೆ, ಎಳೆ ಹಸಿರು, ಕಡು ನೀಲಿ ಇವುಗಳಲ್ಲಿ ಪೇಪರ್ ಯಾವಾಗಲೂ ಸೋಲುತ್ತದೆ. ಮೊದಲ ಪ್ರೂಫ್ ನೋಡಿ ಗಾಬರಿಯಾಗಿ ಆ ಕಿತ್ತಳೆಯನ್ನು ಇನ್ನೂ ಎಳೆದೆ. ಎರಡನೇ ಪ್ರೂಫ್‌ನಲ್ಲಿ ಹೂವಿನ ಎಸಳುಗಳೆಲ್ಲ ಕಲಸಿ ಒಂದೇ ಮುದ್ದೆ ಆದವು. ಪ್ರಿಂಟರ್ ಕೈಗೆ ಸಿಗದ ಬಣ್ಣ ಕೇಳಿದರೆ ಅದು ಇರುವುದರಲ್ಲೇ ಹತ್ತಿರದ ಒಂದನ್ನು ಎಲ್ಲ ಕಡೆ ಬಳಿದುಬಿಡುತ್ತದೆ.

ಸ್ಟುಡಿಯೊದ ಹಿರಿಯರೊಬ್ಬರು ಹಾಳೆಯನ್ನು ಕಿಟಕಿ ಹತ್ತಿರ ಹಿಡಿದು, ‘ಹೂವನ್ನು ಬಿಟ್ಟುಬಿಡಿ ಮೇಡಂ, ಬುಟ್ಟಿ ನೋಡಿ’ ಅಂದರು. ಬುಟ್ಟಿ, ಪಕ್ಕದ ಬಾಳೆಎಲೆ, ಹಿಂದಿನ ಗೋಡೆ ಎಲ್ಲ ಸ್ವಲ್ಪ ಬೆಚ್ಚಗಿನ ಬಣ್ಣದಲ್ಲಿದ್ದವು. ಅವನ್ನು ಒಂದು ಮೆಟ್ಟಿಲು ಕತ್ತಲು ಮಾಡಿ, ಗೋಡೆಗೆ ಬೂದು ನೀಲಿ ಬೆರೆಸಿದೆ. ಕಿತ್ತಳೆಯನ್ನು ಮೊದಲಿನ ಜಾಗಕ್ಕೇ ತಂದೆ. ಮೂರನೇ ಪ್ರೂಫ್‌ನಲ್ಲಿ ಹೂವು ಹೊತ್ತಿಕೊಂಡಿತು. ಕಿತ್ತಳೆಯ ಮಸಿ ಒಂದು ಹನಿಯೂ ಬದಲಾಗಿರಲಿಲ್ಲ.

ಪ್ರತಿ ಸಲ ಪೂರ್ತಿ ಎ3 ತೆಗೆಸುವುದು ದುಬಾರಿ. ಚಿತ್ರದಲ್ಲಿ ಅತಿ ಕಷ್ಟದ ನಾಲ್ಕು ಜಾಗ ಆರಿಸಿ, ಪಟ್ಟಿ ಪಟ್ಟಿಯಾಗಿ ಒಂದು ಎ4 ಹಾಳೆಯಲ್ಲಿ ಜೋಡಿಸಿ ತೆಗೆಸಿ. ನೆರಳಿನ ಕಪ್ಪು, ಚರ್ಮದ ಬಣ್ಣ, ಅತಿ ಗಾಢ ಬಣ್ಣ, ಅತಿ ತಿಳಿ ಬಣ್ಣ. ಅದೇ ಪೇಪರ್ ಮೇಲೆ ತೆಗೆಸಬೇಕು. ಬೇರೆ ಪೇಪರ್‌ನ ಪ್ರೂಫ್ ಅಂದರೆ ಬೇರೆಯವರ ಜಾತಕ ಇದ್ದ ಹಾಗೆ. ಒಂದು ದಿನ ಒಣಗಲು ಬಿಟ್ಟು, ಬೆಳಿಗ್ಗೆ ಹತ್ತರ ಬೆಳಕಿನಲ್ಲಿ ಕಿಟಕಿ ಪಕ್ಕ ನೋಡಿ. ಟ್ಯೂಬ್‌ಲೈಟ್ ಕೆಳಗೆ ತೀರ್ಮಾನ ಬೇಡ. ಪ್ರಿಂಟ್ ಯಾವಾಗಲೂ ಕಪ್ಪಾಗಿ ಬಂದಂತೆ ಅನಿಸುತ್ತಿದ್ದರೆ ನಿಮ್ಮ ಮಾನಿಟರ್ ಬ್ರೈಟ್‌ನೆಸ್ ಜಾಸ್ತಿ ಇದೆ ಅಂತ ಅರ್ಥ.

ಒಪ್ಪಿದ ಪ್ರೂಫ್ ಮೇಲೆ ‘ಇದರಂತೆ ಅಚ್ಚು ಹಾಕಿ’ ಅಂತ ಬರೆದು ಸಹಿ ಮಾಡಿ, ಒಂದು ಸ್ಟುಡಿಯೊಗೆ, ಒಂದು ನಿಮಗೆ. ಇಂಕ್‌ಜೆಟ್‌ನಲ್ಲಿ ಎಲ್ಲ 40ನ್ನೂ ಒಟ್ಟಿಗೆ ತೆಗೆಸಬೇಕಿಲ್ಲ, 20 ಮಾರಿದ ಮೇಲೆ ಉಳಿದದ್ದು ತೆಗೆಸಬಹುದು. ಆಗ ಈ ಹಾಳೆ ಇಲ್ಲದಿದ್ದರೆ 21ನೆಯದು ಬೇರೆಯೇ ಚಿತ್ರ ಆಗಿರುತ್ತದೆ. ದುಡ್ಡು ಇದ್ದರೆ ಒಟ್ಟಿಗೇ ತೆಗೆಸಿಬಿಡಿ. ನೆಮ್ಮದಿ.

ಪೇಪರ್

100% ಹತ್ತಿಯದು, ಆಸಿಡ್ ಇಲ್ಲದ್ದು, 300 ಜಿಎಸ್‌ಎಂ ಆಸುಪಾಸು. ಜರ್ಮನಿಯ ಹಾನೆಮ್ಯೂಲೆ 1584ರಿಂದ ಪೇಪರ್ ಮಾಡುತ್ತಿರುವ ಕಂಪನಿ. ಅವರ 308 ಜಿಎಸ್‌ಎಂ ಫೋಟೊ ರ‍್ಯಾಗ್ ನಮ್ಮ ಊರಿನ ಸ್ಟುಡಿಯೊಗಳಲ್ಲೂ ಸಿಗುತ್ತದೆ. ಕಣ್ಣು ಕುಕ್ಕುವಷ್ಟು ಬಿಳಿ ಇರುವ ಪೇಪರ್ ಬೇಡ. ಆ ಬಿಳುಪು ಅದಕ್ಕೆ ಬೆರೆಸಿದ ರಾಸಾಯನಿಕದ್ದು, ವರ್ಷಗಳು ಹೋದಂತೆ ಹಳದಿಗೆ ಇಳಿಯುತ್ತದೆ. ಸಣ್ಣ ಗೆರೆಯ ಕೆಲಸಕ್ಕೆ ನುಣುಪು ಪೇಪರ್, ಜಲವರ್ಣಕ್ಕೆ ಸ್ವಲ್ಪ ತರಿತರಿ. ಕೈಕಾಗದದ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಇಂಕ್‌ಜೆಟ್‌ಗೆ ಅಂತಲೇ ಲೇಪ ಕೊಟ್ಟಿರದ ಪೇಪರ್ ಇಂಕನ್ನು ಹೀರಿ ಹರಡಿಬಿಡುತ್ತದೆ. ಅದನ್ನು ಸ್ಕ್ರೀನ್ ಪ್ರಿಂಟ್‌ಗೆ, ಲಿನೋಕಟ್‌ಗೆ (ಲಿನೋಲಿಯಂ ಕೆತ್ತಿ ಹಾಕುವ ಅಚ್ಚಿಗೆ) ಇಟ್ಟುಕೊಳ್ಳಿ.

ಹಾಳೆ ಎಣಿಸುವಾಗ ನಾಲ್ಕು ಜಾಸ್ತಿ ಹೇಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸಹಿ, ನಂಬರ್, ರಿಜಿಸ್ಟರ್

ಪೆನ್ಸಿಲ್‌ನಲ್ಲೇ. ಎಚ್‌ಬಿ ಅಥವಾ 2ಬಿ. ಗ್ರಾಫೈಟ್ ಮಾಸುವುದಿಲ್ಲ, ಪೇಪರಿಗೆ ಒತ್ತಿದ ಗುರುತು ಉಳಿಯುತ್ತದೆ, ಅಚ್ಚಾದ ಸಹಿಗೂ ಕೈಸಹಿಗೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಜೆಲ್ ಪೆನ್ ಲೇಪದ ಮೇಲೆ ಜಾರುತ್ತದೆ. ಚಿತ್ರದ ಕೆಳಗೆ ಎಡಕ್ಕೆ ನಂಬರ್, ಬಲಕ್ಕೆ ಸಹಿ, ನಡುವೆ ಹೆಸರು. ಇದು ಪದ್ಧತಿ. ಮೇಜಿನ ಮೇಲೆ ಬಿಳಿ ಹಾಳೆ ಹಾಸಿ. ಕೈ ತೊಳೆದು ಒರೆಸಿಕೊಳ್ಳಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ದಿನ ಈ ಕೆಲಸ ಬೇಡವೇ ಬೇಡ, ಅನುಭವದ ಮಾತು.

ನಂಬರನ್ನು ಕನ್ನಡ ಅಂಕಿಯಲ್ಲಿ ಹಾಕಿದೆ: ೧/೪೦, ೨/೪೦. ನೋಡಲು ಚಂದ. ಒಂದೇ ತೊಂದರೆ, ಅವಸರದಲ್ಲಿ ೬ ಮತ್ತು ೯ ಅಣ್ಣತಮ್ಮಂದಿರು. ನಿಧಾನವಾಗಿ ಬರೆಯಿರಿ, ಹಿಂದುಗಡೆ ಮೂಲೆಯಲ್ಲಿ ಚಿಕ್ಕದಾಗಿ 6, 9 ಅಂತಲೂ ಹಾಕಿ.

ಈಗ ನನ್ನ ಮಾನ ಹೋದ ಕಥೆ. ರಾತ್ರಿ ಹನ್ನೊಂದಕ್ಕೆ ಕೂತು ಒಂದೇ ಉಸಿರಿಗೆ 40ಕ್ಕೂ ನಂಬರ್ ಹಾಕಿದೆ. ಬೆಳಿಗ್ಗೆ ಎಣಿಸಿದರೆ 17 ಎರಡು ಇದ್ದವು, 18 ಇರಲಿಲ್ಲ. ಪೆನ್ಸಿಲ್ ತಾನೆ, ರಬ್ಬರ್ ಹಾಕಿದರಾಯ್ತು ಅಂದುಕೊಂಡೆ. ರಬ್ಬರ್ ತಿಕ್ಕಿದ ಜಾಗದಲ್ಲಿ ಪೇಪರಿನ ಲೇಪ ಎದ್ದು ಬಂತು, ಬೆಳಕಿಗೆ ಹಿಡಿದರೆ ಹಾಳೆ ಗಾಯವಾದಂತೆ ಕಾಣುತ್ತಿತ್ತು. ಆ ಹಾಳೆಯನ್ನು ಹರಿದು, ಜಾಸ್ತಿ ಇದ್ದ ನಾಲ್ಕರಲ್ಲಿ ಒಂದಕ್ಕೆ 18 ಹಾಕಿದೆ. ನಾಲ್ಕು ಜಾಸ್ತಿ ಹಾಳೆ ಇದಕ್ಕೇ. ಈಗ ಹತ್ತು ಹತ್ತಾಗಿ ಹಾಕುತ್ತೇನೆ, ಒಂದೊಂದು ಹಾಕಿದಂತೆ ರಿಜಿಸ್ಟರ್‌ನಲ್ಲಿ ಗೆರೆ ಎಳೆಯುತ್ತೇನೆ.

ರಿಜಿಸ್ಟರ್ ಅಂದರೆ ದೊಡ್ಡದೇನಲ್ಲ, ಉದ್ದ ನೋಟ್‌ಬುಕ್. ನಂಬರ್, ಕೊಂಡವರ ಹೆಸರು, ಊರು, ದಿನಾಂಕ, ಬೆಲೆ. ಎ/ಪಿ ಪ್ರತಿಗಳಿಗೂ, ಹರಿದು ಹಾಕಿದ ಹಾಳೆಗಳಿಗೂ ಸಾಲು ಇರಲಿ. ಜೊತೆಗೆ ಕೊಡುವ ಸರ್ಟಿಫಿಕೇಟ್‌ನಲ್ಲಿ ಚಿತ್ರದ ಹೆಸರು, ಅಳತೆ, ಪೇಪರ್, ಇಂಕ್, ಒಟ್ಟು ಪ್ರತಿ, ಎ/ಪಿ ಎಷ್ಟು, ವರ್ಷ, ಸಹಿ ಇದ್ದರೆ ಸಾಕು. ಬಂಗಾರದ ಅಂಚು ಬೇಕಿಲ್ಲ.

1ನೇ ನಂಬರ್ ಬೇಕು ಅಂತ ಕೆಲವರು ಹಟ ಮಾಡುತ್ತಾರೆ. ತಾಮ್ರದ ತಗಡಿನ ಮೇಲೆ ಡ್ರೈಪಾಯಿಂಟ್ (ಸೂಜಿಯಲ್ಲಿ ಗೀಚಿ ಅಚ್ಚು ಹಾಕುವುದು) ಮಾಡುವವರಿಗೆ ಅದರಲ್ಲಿ ಅರ್ಥ ಇದೆ. ಅಚ್ಚು ಹಾಕಿದಂತೆ ತಗಡು ಸವೆಯುತ್ತದೆ, ಮೊದಲ ಪ್ರತಿಗಳೇ ಚೆನ್ನಾಗಿರುತ್ತವೆ. ಇಂಕ್‌ಜೆಟ್‌ನಲ್ಲಿ 1ಕ್ಕೂ 40ಕ್ಕೂ ವ್ಯತ್ಯಾಸ ಇಲ್ಲ.

ಬೆಲೆ

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. 40 ಪ್ರತಿ, 4 ಎ/ಪಿ, 4 ಜಾಸ್ತಿ, ಒಟ್ಟು 48 ಹಾಳೆ. ಹಾಳೆಗೆ 650 ರೂಪಾಯಿಯಂತೆ 31,200. ಪ್ರೂಫ್‌ಗಳಿಗೆ 2,000. ಪ್ಯಾಕಿಂಗ್ ತಲಾ 110, ಅಂದರೆ 4,400. ಕೊರಿಯರ್ ತಲಾ 120, ಅಂದರೆ 4,800. ಒಟ್ಟು 42,400. ಒಂದಕ್ಕೆ 1,060 ಬಿತ್ತು. ನಿಮ್ಮ ಕೆಲಸ ಇನ್ನೂ ಸೇರಿಲ್ಲ.

2,800ಕ್ಕೆ ಮಾರಿದರೆ 16ನೆಯದು ಹೋದಾಗ ಹಾಕಿದ ದುಡ್ಡು ವಾಪಸ್. ಈ 16 ಅನ್ನುವ ಅಂಕಿಯನ್ನೇ ನಾನು ಮೊದಲು ನೋಡುವುದು. ಎಡಿಷನ್ನಿನ ಅರ್ಧದೊಳಗೆ ಬಂಡವಾಳ ಬರದಿದ್ದರೆ ಒಂದೋ ಬೆಲೆ ಕಡಿಮೆ, ಇಲ್ಲವೇ ಖರ್ಚು ಜಾಸ್ತಿ. ಗ್ಯಾಲರಿ 40% ಕಮಿಷನ್ ಕೇಳಿದರೆ ಕೈಗೆ 1,680. ಖರ್ಚು ಕಳೆದರೆ 620. ಅದು ಸಾಲದು ಅನಿಸಿದರೆ ಗ್ಯಾಲರಿಗೊಂದು ಬೆಲೆ, ನಿಮ್ಮಲ್ಲಿ ಅಗ್ಗಕ್ಕೆ ಇನ್ನೊಂದು ಅಂತ ಮಾಡಬೇಡಿ. ಎಲ್ಲ ಕಡೆಯೂ ಬೆಲೆ ಏರಿಸಿ, ಇಲ್ಲವೇ ಗ್ಯಾಲರಿ ಬಿಡಿ. ಖಾಲಿಯಾಗುತ್ತಾ ಬಂದಂತೆ ಬೆಲೆ ಏರಿಸುವವರೂ ಇದ್ದಾರೆ. ತಪ್ಪಲ್ಲ, ಮೊದಲೇ ಹೇಳಿರಬೇಕು. ಇಳಿಸುವುದು ಮಾತ್ರ ಬೇಡ. ಜಿಎಸ್‌ಟಿ ವಿಷಯವನ್ನು, ಅದರಲ್ಲೂ ಹೊರರಾಜ್ಯಕ್ಕೆ ಕಳಿಸುವುದಿದ್ದರೆ, ಒಂದು ಸಲ ಸಿಎ ಹತ್ತಿರ ಕೇಳಿಬಿಡಿ.

ಮಾರಾಟ

ಎರಡು ವಾರ ಮೊದಲು ಹೇಳಲು ಶುರು ಮಾಡಿ. ಪ್ರೂಫ್‌ನ ಪಟ್ಟಿ, ಪೆನ್ಸಿಲ್ ಚೂಪು ಮಾಡುವುದು, ಹಾಳೆಯ ಅಂಚು, ಇಂಥ ಚಿಕ್ಕ ವಿಡಿಯೊಗಳನ್ನು ಜನ ನಿಜವಾಗಿ ನೋಡುತ್ತಾರೆ. ದಿನ, ಗಂಟೆ, ಬೆಲೆ, ಪ್ರತಿಗಳ ಸಂಖ್ಯೆ ನಾಲ್ಕನ್ನೂ ಒಂದೇ ಚಿತ್ರದಲ್ಲಿ ಬರೆಯಿರಿ.

ಎರಡು ಕಡೆ ಮಾರುವುದಾದರೆ ನಂಬರ್ ಹಂಚಿಬಿಡಿ. ನಾನು 1ರಿಂದ 25 ಆನ್‌ಲೈನ್‌ಗೆ, 26ರಿಂದ 40 ಚಿತ್ರಸಂತೆಗೆ ಇಟ್ಟಿದ್ದೆ. ಇಲ್ಲದಿದ್ದರೆ ಸಂತೆಯಲ್ಲಿ ಕೈಗೆ ಕೊಟ್ಟ ಪ್ರತಿಯೇ ಮೊಬೈಲ್‌ನಲ್ಲೂ ಮಾರಾಟ ಆಗಿರುತ್ತದೆ.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಜನವರಿಯ ಒಂದು ಭಾನುವಾರ, ಕುಮಾರಕೃಪಾ ರಸ್ತೆಯ ಉದ್ದಕ್ಕೂ. ಮಳಿಗೆಗೆ ಮೊದಲೇ ಅರ್ಜಿ ಹಾಕಬೇಕು. ಧೂಳು, ಬಿಸಿಲು, ಗಾಳಿ ಮೂರೂ ಇರುತ್ತವೆ, ಅದಕ್ಕೆ ನೋಡಲು ಒಂದು ಪ್ರತಿಗೆ ಕಟ್ಟು ಹಾಕಿಸಿ, ಉಳಿದವನ್ನು ರಟ್ಟಿನ ಜೊತೆ ಪ್ಲಾಸ್ಟಿಕ್ ಕವರ್‌ನಲ್ಲಿಡಿ. ಕ್ಯೂಆರ್ ಕೋಡ್ ದೊಡ್ಡದಾಗಿ ಇರಲಿ. ಮಧ್ಯಾಹ್ನದ ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಚಿಲ್ಲರೆಯೂ ಇರಲಿ.

ಒಬ್ಬ ಹಿರಿಯರು ಬಂದು ಚಿತ್ರ ನೋಡಿ, ಬೆಲೆ ನೋಡಿ, ‘ಏನಮ್ಮಾ, ಇದು ಕೈಯಲ್ಲಿ ಬರೆದಿದ್ದಾ ಪ್ರಿಂಟಾ?’ ಅಂದರು.

‘ಪ್ರಿಂಟು ಸರ್. ನಲವತ್ತೇ ಇರೋದು.’

‘ಪ್ರಿಂಟು ಅಂದ್ಮೇಲೆ ಸಾವಿರ ಹಾಕಿಸಬಹುದಲ್ಲ, ಯಾಕೆ ನಲವತ್ತು?’

ಒಳ್ಳೆ ಪ್ರಶ್ನೆ ಅಲ್ವಾ? ರಿಜಿಸ್ಟರ್ ತೆಗೆದು ತೋರಿಸಿದೆ. 31ರ ಸಾಲಿನವರೆಗೆ ಹೆಸರುಗಳಿದ್ದವು, ಊರುಗಳಿದ್ದವು. ಅವರು ಕನ್ನಡಕ ಏರಿಸಿ ಓದಿದರು. ‘ಶಿವಮೊಗ್ಗದವರೂ ತಗೊಂಡಿದಾರೆ’ ಅಂದರು. ಕೊಳ್ಳಲಿಲ್ಲ. ಸಂಜೆ ಐದಕ್ಕೆ ಹೆಂಡತಿಯ ಜೊತೆ ವಾಪಸ್ ಬಂದು 36 ತಗೊಂಡರು.

ಕಳಿಸುವುದು

ಎ3ವರೆಗೆ ಚಪ್ಪಟೆಯಾಗಿ ಕಳಿಸುವುದೇ ಮೇಲು. ಪ್ರಿಂಟನ್ನು ಗ್ಲಾಸಿನ್ ಅನ್ನುವ ತೆಳು ನುಣುಪು ಹಾಳೆಯಲ್ಲಿ, ಆಮೇಲೆ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ, ಎರಡು ಅಲೆಅಲೆ ರಟ್ಟುಗಳ ನಡುವೆ ಇಡಿ. ಒಂದು ರಟ್ಟಿನ ಅಲೆ ಅಡ್ಡಕ್ಕೆ, ಇನ್ನೊಂದರದು ಉದ್ದಕ್ಕೆ ಇರಬೇಕು. ಎರಡೂ ಒಂದೇ ದಿಕ್ಕಿಗೆ ಇದ್ದರೆ ಮಡಚಿಬಿಡುತ್ತವೆ. ರಟ್ಟು ಪ್ರಿಂಟಿಗಿಂತ ಸುತ್ತಲೂ ಎರಡು ಸೆಂಟಿಮೀಟರ್ ದೊಡ್ಡದಿರಲಿ, ಪೆಟ್ಟು ಬೀಳುವುದು ಮೂಲೆಗೇ.

ದೊಡ್ಡ ಅಳತೆಗೆ ಕೊಳವೆ ಬೇಕು, ಮೂರು ಇಂಚಿಗಿಂತ ಸಣ್ಣದು ಬೇಡ. ಬಟ್ಟೆ ಅಂಗಡಿಯಲ್ಲಿ ಬಿಟ್ಟಿ ಸಿಗುವ ಥಾನಿನ ಕೊಳವೆ ತೀರಾ ಸಣ್ಣ, ದಪ್ಪ ಪೇಪರ್ ಅದರಲ್ಲಿ ಸುತ್ತಿದರೆ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಮಲೆನಾಡಿಗೆ, ಕರಾವಳಿಗೆ ಕಳಿಸುವಾಗ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ‘ಬಂದ ಕೂಡಲೇ ತೆಗೆದುಬಿಡಿ, ಕಟ್ಟು ಹಾಕಿಸುವಾಗ ಗಾಜಿಗೆ ಅಂಟದಂತೆ ಮೌಂಟ್ ಇಡಿಸಿ’ ಅಂತ ಚೀಟಿ ಇಡಿ. ಇಲ್ಲದಿದ್ದರೆ ಬೂಷ್ಟು.

ಒಂದು ಪೊಟ್ಟಣ ಹುಬ್ಬಳ್ಳಿಗೆ ಹೋಗುವಷ್ಟರಲ್ಲಿ ಎರಡಾಗಿ ಮಡಚಿತ್ತು. ಕೊರಿಯರ್‌ನವರು ‘ನಿಮ್ಮ ಪ್ಯಾಕಿಂಗ್ ಸರಿ ಇಲ್ಲ’ ಅಂದರು. ಆಗ ಅಲೆಗಳು ಒಂದೇ ದಿಕ್ಕಿಗೆ ಇದ್ದವು, ಹಾಗಾಗಿ ಜಾಸ್ತಿ ವಾದ ಮಾಡಲಿಲ್ಲ. ಕೊಂಡವರಿಗೆ ಹೇಳಿ, ಹಾಳಾದ ಹಾಳೆಯನ್ನು ನಂಬರ್ ಕಾಣುವಂತೆ ಹರಿದು ಫೋಟೊ ಕಳಿಸಿ ಅಂದೆ. ಫೋಟೊ ಬಂದ ಮೇಲೆ ಜಾಸ್ತಿ ಇದ್ದ ಹಾಳೆಗೆ ಅದೇ ನಂಬರ್ ಹಾಕಿ ಕಳಿಸಿದೆ. ರಿಜಿಸ್ಟರ್‌ನಲ್ಲಿ ಎರಡನ್ನೂ ಬರೆದೆ.

ಖಾಲಿಯಾದ ಮೇಲೆ

ಉಳಿದ ಎರಡು ಜಾಸ್ತಿ ಹಾಳೆಗಳನ್ನು ಹರಿದೆ. ಕಷ್ಟ ಆಯಿತು. ಸ್ಟುಡಿಯೊದವರಿಗೆ ಫೈಲ್ ಅಳಿಸಲು ಹೇಳಿದೆ. ‘ಮುಗಿಯಿತು’ ಅಂತ ದಿನಾಂಕ ಹಾಕಿ ಎಲ್ಲ ಕಡೆ ತಿಳಿಸಿದೆ. ವಾರ ಕಳೆದು ಅಮೆರಿಕದಲ್ಲಿರುವ ಕನ್ನಡದವರೊಬ್ಬರು ಬರೆದರು. ಗಾಂಧಿ ಬಜಾರಿನಲ್ಲೇ ಬೆಳೆದವರಂತೆ, ಎರಡು ಪಟ್ಟು ಕೊಡುತ್ತಾರಂತೆ. ಮನಸ್ಸು ಹೊಯ್ದಾಡಿತು. ಇಲ್ಲ ಅಂತ ಬರೆದು, ಮುಂದಿನ ಪ್ರಿಂಟ್‌ನ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ ಹಾಕಿದೆ. ಪೋಸ್ಟ್‌ಕಾರ್ಡ್ ಕಳಿಸಿದೆ. ಅದಕ್ಕೆ ಮೊದಲೇ ಜಾಗ ಬಿಟ್ಟುಕೊಂಡಿದ್ದು ಒಳ್ಳೆಯದಾಯಿತು.

ಎ/ಪಿ 1 ಅಮ್ಮನ ಮನೆಯಲ್ಲಿದೆ. ಅಡುಗೆಮನೆ ಕಿಟಕಿಯ ಎದುರು, ಕ್ಯಾಲೆಂಡರ್ ಇದ್ದ ಮೊಳೆಗೆ. ನೇರ ಬಿಸಿಲು ಬೀಳುತ್ತದೆ, ಎಷ್ಟು ಹೇಳಿದರೂ ಜಾಗ ಬದಲಿಸಿಲ್ಲ. ಹೋದಾಗಲೆಲ್ಲ ನನ್ನ ಬ್ಯಾಗಿನಲ್ಲಿರುವ ಪ್ರೂಫ್ ಪಟ್ಟಿ ತೆಗೆದು ಕನಕಾಂಬರದ ಪಕ್ಕ ಹಿಡಿದು ನೋಡುತ್ತೇನೆ. ಇಷ್ಟರವರೆಗೆ ಎರಡೂ ಒಂದೇ ಬಣ್ಣ.